ಚಪ್ಪಾಳೆಗೂ ಪರವಾನಗಿಯೇ?

"ಗಿರಣಿಯ ಕೂಲಿಕಾರ ನಡುರಾತ್ರಿಯ ತನಕ ಎದ್ದು ಕುಳಿತು, ಯಾವುದೋ ದೇಶದಲ್ಲಿ ಯಾರೋ ಈಟಿ ಎಸೆಯುವುದನ್ನು ನೋಡುತ್ತಾನೆ. ಮರುದಿನ ಪಾಳಿಗೆ ತೂಕಡಿಸುತ್ತ ಬರುತ್ತಾನೆ" ಎಂದು ಬೇಳೆ ಮಿಲ್ಲಿನ ಮಾಲಿಕರೊಬ್ಬರು ನಮ್ಮೆದುರು ದೂರಿದರು. ಪಕ್ಕದಲ್ಲಿ ನಮ್ಮವರೇ ಆದ ಹಿರಿಯರೊಬ್ಬರು ಕುಳಿತಿದ್ದರು. ಮಾಲಿಕರ ಮಾತಿಗೆ ಅವರು ಜನ್ಮದಲ್ಲಿ ತಲೆಯಾಡಿಸಿದವರಲ್ಲ, ಅಂದು ಆಡಿಸಿದರು. "ಆಟದ ಹುಚ್ಚು ಈ ಕಾಲದ ಅಫೀಮು" ಎಂದರು. ನಲವತ್ತು ವರ್ಷ ಸಂಪು, ಮಾತುಕತೆ, ಮಧ್ಯಸ್ಥಿಕೆ ಯಾವುದರಿಂದಲೂ ಆಗದಿದ್ದ ಒಮ್ಮತ ಒಲಿಂಪಿಕ್ಸಿನಿಂದ ಸಾಧ್ಯವಾಯಿತು.

ನಾವು ಇಬ್ಬರ ಮಾತನ್ನೂ ಒಪ್ಪುವುದಿಲ್ಲ. ಆಟ ನೋಡುವ ಹುಚ್ಚು ನಮಗೂ ಉಂಟು. ಅದನ್ನು ಮುಚ್ಚಿಡುವ ಕಾರಣ ಕಾಣುವುದಿಲ್ಲ. ಆದರೆ ವಾದಕ್ಕೆ ಇಳಿಯುವ ಮೊದಲು ಒಂದು ರಾತ್ರಿಯ ಸಂಗತಿಯನ್ನು ವಾಚಕರ ಮುಂದಿಡಬೇಕಾಗಿದೆ.

2024ರ ಆಗಸ್ಟ್ 8, ನಾಗರ ಪಂಚಮಿಯ ಹಿಂದಿನ ರಾತ್ರಿ. ಆಳಂದದ ಪೇಟೆಯಲ್ಲಿ ಒಬ್ಬ ದರ್ಜಿಯ ಅಂಗಡಿ. ಹಬ್ಬದ ಹೊಲಿಗೆ ಇನ್ನೂ ಮುಗಿದಿರಲಿಲ್ಲ. ಎರಡು ಮಿಷನ್ನು ನಡೆದೇ ಇದ್ದವು. ಕತ್ತರಿಸಿದ ಬಟ್ಟೆಯ ರಾಶಿಯ ನಡುವೆ ದಾರದ ಡಬ್ಬಿಗೆ ಆನಿಸಿಟ್ಟ ಒಂದು ಮೊಬೈಲು. ಅದರ ಸುತ್ತ ಏಳೆಂಟು ತಲೆ: ಪಾಳಿ ಮುಗಿಸಿ ಬಂದ ಎಣ್ಣೆ ಮಿಲ್ಲಿನ ಇಬ್ಬರು, ಬಾಗಿಲು ಎಳೆದು ಬಂದ ಕಿರಾಣಿ ಅಂಗಡಿಯ ಕಾಕಾ, ಮೂವರು ಹಮಾಲರು, ಮತ್ತು ಕಡೆಯ ಬಸ್ಸು ತಪ್ಪಿಸಿಕೊಂಡ ನಾವು. ಪ್ಯಾರಿಸ್ಸಿನಲ್ಲಿ ಈಟಿ ಎಸೆತದ ಕಡೆಯ ಸುತ್ತು ಆರಂಭವಾದಾಗ ನಮ್ಮಲ್ಲಿ ಹನ್ನೆರಡು ಹೊಡೆಯುತ್ತಲಿತ್ತು.

ಮೊದಲ ಎಸೆತದಲ್ಲಿ ನೀರಜ್ ಚೋಪ್ರಾ ಗೆರೆ ದಾಟಿದರು. ಪಾಕಿಸ್ತಾನದ ಅರ್ಷದ್ ನದೀಮರದೂ ತಪ್ಪು ಎಸೆತವಾಯಿತು. ಎರಡನೆಯ ಬಾರಿ ನದೀಮ್ ಓಡಿ ಬಂದು ಎಸೆದರು. ಈಟಿ ಇಳಿಯಲೊಲ್ಲದು. ಕಡೆಗೆ ಇಳಿದಾಗ 92.97 ಮೀಟರು, ಹೊಸ ಒಲಿಂಪಿಕ್ ದಾಖಲೆ. "ಯಪ್ಪಾ! ಎಲ್ಲಿಗ್ ಒಗದಾನೋ!" ಎಂದು ಕಾಕಾ ಬಾಯಿ ತೆರೆದರು. ಎಣ್ಣೆ ಮಿಲ್ಲಿನ ಇಬ್ಬರಲ್ಲಿ ಕಿರಿಯವನು ಇಪ್ಪತ್ತರ ಆಚೀಚಿನ ಮುಸಲ್ಮಾನ ಹುಡುಗ. ಅವನ ಎರಡೂ ಕೈ ಮೇಲೆದ್ದಿದ್ದವು. ಅಂಗೈ ಅಂಗೈಗೆ ತಾಗುವ ಮುನ್ನ ಅವನು ತಡೆದ. ಒಮ್ಮೆ ಸುತ್ತ ನಮ್ಮೆಲ್ಲರ ಮುಖ ನೋಡಿದ. ಕೈಗಳನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡ.

ಮಿಷನ್ನು ನಿಲ್ಲಿಸದೆಯೇ ದರ್ಜಿ ಹೇಳಿದ: "ಹೊಡಿಯಪಾ ಚಪ್ಪಾಳಿ. ಛಲೋ ಒಗದವರಿಗಿ ಹೊಡೀಲಾರದೆ ಮತ್ಯಾರಿಗಿ ಹೊಡೀತಿ?" ಹುಡುಗ ನಕ್ಕ. ಹೊಡೆಯಲಿಲ್ಲ. ಅದೇ ಸುತ್ತಿನಲ್ಲಿ ನೀರಜ್ 89.45 ಎಸೆದಾಗ ಎಲ್ಲರಿಗಿಂತ ಜೋರಾಗಿ ಕೂಗಿದವನೂ ಅವನೇ.

ಆ ಹುಡುಗ ನಮ್ಮ ಮುಖ ನೋಡಿದ ಆ ಒಂದು ಕ್ಷಣಕ್ಕಾಗಿ ಈ ಲೇಖನ. ಕಷ್ಟಪಟ್ಟು ದುಡಿದು ಬಂದು, ತನ್ನ ನಿದ್ದೆ ಕೆಡಿಸಿಕೊಂಡು ಆಟ ನೋಡುವವನು, ಕಣ್ಣೆದುರು ನಡೆದ ಒಂದು ಅದ್ಭುತಕ್ಕೆ ಚಪ್ಪಾಳೆ ತಟ್ಟುವ ಮೊದಲು ಇತರರ ಮುಖ ಏಕೆ ನೋಡಬೇಕು? ಈ ಹೆದರಿಕೆಯನ್ನು ಅವನೊಳಗೆ ಇಟ್ಟವರು ಯಾರು?

ನದೀಮ್ ಯಾರೆಂಬುದನ್ನು ಮೊದಲು ತಿಳಿಯೋಣ. ಪಾಕಿಸ್ತಾನದ ಪಂಜಾಬಿನಲ್ಲಿ ಮಿಯಾಂ ಚನ್ನು ಎಂಬ ಪಟ್ಟಣದ ಬಳಿಯ ಹಳ್ಳಿಯವರು. ತಂದೆ ಗೌಂಡಿ ಕೆಲಸದವರು. ಮಗ ಹೊರಗೆ ಹೋಗಿ ಕಲಿಯಲು ಊರವರು, ನೆಂಟರು ಕಾಸು ಕೂಡಿಸಿದರೆಂದು ಆ ತಂದೆಯೇ ಹೇಳಿದ್ದಾರೆ. ಪ್ಯಾರಿಸ್ಸಿಗೆ ಕೆಲವೇ ತಿಂಗಳು ಮೊದಲು, ಒಳ್ಳೆಯದೊಂದು ಈಟಿ ಸಿಗುತ್ತಿಲ್ಲವೆಂದು ನದೀಮ್ ಹೇಳಿಕೊಂಡಾಗ, ಇಂಥ ಆಟಗಾರನಿಗೆ ಈ ಸ್ಥಿತಿ ಬರಬಾರದೆಂದು ಬಹಿರಂಗವಾಗಿ ದನಿಗೂಡಿಸಿದವರು ನಮ್ಮ ನೀರಜ್. ಆ ರಾತ್ರಿ ಬೆಳ್ಳಿ ಬಂದ ಮೇಲೆ ಪಾಣಿಪತ್ತಿನ ಹಳ್ಳಿಯಲ್ಲಿ ನೀರಜರ ತಾಯಿ, ಚಿನ್ನ ಗೆದ್ದವನೂ ನಮ್ಮ ಹುಡುಗನೇ ಎಂಬ ಅರ್ಥದ ಮಾತಾಡಿದರು. ಎಸೆದವರಿಗೆ ಹಗೆಯಿಲ್ಲ, ಹೆತ್ತವರಿಗೆ ಹಗೆಯಿಲ್ಲ. ಹಗೆಯ ಗುತ್ತಿಗೆ ಹಿಡಿದವರು ಮಾತ್ರ ಈಟಿಯನ್ನೂ ಎಸೆದವರಲ್ಲ, ಗೌಂಡಿ ಕೆಲಸವನ್ನೂ ಮಾಡಿದವರಲ್ಲ.

ಊರವರು ಕಾಸು ಕೂಡಿಸಿದ ಕಥೆ ನಮಗೆ ಹೊಸದೇ? ಅಫಜಲಪುರದ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆ, ಅದರಾಚೆ ಸಾತಾರಾ. ಅಲ್ಲಿ ಕರಾಡದ ಹತ್ತಿರದ ಗೋಳೇಶ್ವರದ ಕುಸ್ತಿಪಟು ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಗೆ ಹೋಗಬೇಕಾದಾಗ ಸರಕಾರದ ಬೊಕ್ಕಸ ಸಾಕಷ್ಟು ಬಿಚ್ಚಲಿಲ್ಲ. ಹಳ್ಳಿಯವರು ಚಂದಾ ಎತ್ತಿದರು. ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೀಕರರು ತಮ್ಮ ಮನೆಯನ್ನು ಅಡವಿಟ್ಟು 7,000 ರೂಪಾಯಿ ಕೊಟ್ಟರು. ಜಾಧವರು ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಊರು ಅವರನ್ನು ಬರಮಾಡಿಕೊಂಡಿತು. ಆಮೇಲೆ ಅವರು ಕುಸ್ತಿ ಪಂದ್ಯಗಳನ್ನು ಏರ್ಪಡಿಸಿ, ಬಂದ ಹಣದಿಂದ ಪ್ರಿನ್ಸಿಪಾಲರ ಸಾಲ ತೀರಿಸಿದರಂತೆ. ಗೋಳೇಶ್ವರದ ರೈತನಿಗೂ ಮಿಯಾಂ ಚನ್ನುವಿನ ರೈತನಿಗೂ ನಡುವೆ ಒಂದು ಗಡಿ ಇದೆ, ನಿಜ. ಆದರೆ ಚಂದಾ ಪುಸ್ತಕ ಒಂದೇ.

ನಮ್ಮ ಜಾತ್ರೆಗಳ ಕುಸ್ತಿ ಕಣವನ್ನು ವಾಚಕರು ನೆನೆಯಲಿ. ಸೊಲ್ಲಾಪುರದಿಂದಲೋ ವಿಜಯಪುರದಿಂದಲೋ ಬಂದ ಪೈಲವಾನ ನಮ್ಮೂರ ಹುಡುಗನನ್ನು ಚಿತ್ ಮಾಡಿದರೆ ಮೊದಲು ಒಂದು ಗಳಿಗೆ ಕಣ ಮೌನವಾಗುತ್ತದೆ. ಮರುಗಳಿಗೆ ಹಲಗೆ ಬಡಿಯುತ್ತದೆ. ರುಮಾಲಿನ ಅಜ್ಜನೊಬ್ಬ ಎದ್ದು ಗೆದ್ದವನ ಕೈಗೆ ನೋಟು ತುರುಕುತ್ತಾನೆ. ಬೆಳ್ಳಿ ಕಡಗ ಹೊರಗಿನವನ ಕೈಗೇ ಹೋಗುತ್ತದೆ. ಹಾಗೆ ಕೊಟ್ಟ ಅಜ್ಜನನ್ನು ಊರದ್ರೋಹಿ ಎಂದು ಯಾರೂ ಕರೆದದ್ದನ್ನು ನಾವು ಕೇಳಿಲ್ಲ. ನೋಡುವ ಕಲೆಯನ್ನು ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಅದನ್ನು ಮರೆಸುವ ಯತ್ನ ಮಾತ್ರ ಈಚೆಗೆ ಭರದಿಂದ ನಡೆದಿದೆ.

ದೇಶಪ್ರೇಮದ ಲೆಕ್ಕ ಕೇಳುವವರಿಗೆ ಇನ್ನೊಂದು ನೆನಪು. 1948ರ ಆಗಸ್ಟ್ 12ರಂದು ಲಂಡನ್ನಿನ ವೆಂಬ್ಲಿಯಲ್ಲಿ ಭಾರತದ ಹಾಕಿ ತಂಡ ಬ್ರಿಟನ್ನನ್ನು 4-0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಆಳಿದವರ ನೆಲದಲ್ಲೇ ತ್ರಿವರ್ಣ ಏರಿತು. ಅದೇ ದಿನ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಆ ಬಾವುಟ ಹಿಡಿದವನಿಗೆ ಜೈಲು ಕಾದಿತ್ತು. ನಾವಿನ್ನೂ ನಿಜಾಮನ ಪ್ರಜೆಗಳು, ರಜಾಕಾರರ ಹಾವಳಿ ತುದಿಗೆ ಮುಟ್ಟಿತ್ತು. ನಮಗೆ ಬಿಡುಗಡೆ ಬಂದದ್ದು ಸೆಪ್ಟೆಂಬರ್ 17ಕ್ಕೆ. ಬಾವುಟದ ಬೆಲೆ ಈ ಮೂರು ತಾಲೂಕಿನವರಿಗೆ ತಿಳಿದಷ್ಟು ದಿಲ್ಲಿಯ ಸ್ಟುಡಿಯೋದಲ್ಲಿ ಕುಳಿತು ಕಿರುಚುವವರಿಗೆ ತಿಳಿದಿರಲಾರದು. ಅಂಥವರ ಕೈಯಿಂದ ಪ್ರಮಾಣಪತ್ರ ಪಡೆಯುವ ಗರಜು ನಮಗಿಲ್ಲ.

ಇನ್ನು 1962ರ ಜಕಾರ್ತಾ. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಅಂತಿಮ ಪಂದ್ಯ, ಭಾರತಕ್ಕೆ ಎದುರು ದಕ್ಷಿಣ ಕೊರಿಯಾ. ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಇಂಡೋನೇಷ್ಯಾ ಬಾಗಿಲು ಮುಚ್ಚಿದ್ದನ್ನು ಭಾರತದ ಸೋಂಧಿಯವರು ಆಕ್ಷೇಪಿಸಿದ್ದರಿಂದ, ತುಂಬಿದ ಕ್ರೀಡಾಂಗಣ ಭಾರತದ ಆಟಗಾರರನ್ನು ಹೀಯಾಳಿಸುತ್ತಲೇ ಇತ್ತು. ಆ ಗದ್ದಲದಲ್ಲಿ ತಮ್ಮ ಪರವಾಗಿ ಕೂಗಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ನಮ್ಮ ತಂಡದವರು ಮುಂದೆ ಹೇಳಿಕೊಂಡದ್ದುಂಟು. ಭಾರತ 2-1ರಿಂದ ಗೆದ್ದಿತು. ಆ ತಂಡವನ್ನು ತಿದ್ದಿ ನಿಲ್ಲಿಸಿದ ಗುರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು; ಕ್ಯಾನ್ಸರಿನಿಂದ ನರಳುತ್ತಲೇ ಹೋಗಿ ಗೆದ್ದು ಬಂದು, ಮರುವರ್ಷ ತೀರಿಕೊಂಡರು. ನಮ್ಮ ಜಿಲ್ಲೆ 1956ರ ತನಕ ಹೈದರಾಬಾದ್ ರಾಜ್ಯದ್ದೇ ಆಗಿತ್ತು. ಆ ಲೆಕ್ಕದಲ್ಲಿ ರಹೀಮರು ನಮ್ಮವರೇ. ಜಕಾರ್ತಾದಲ್ಲಿ ಪಾಕಿಸ್ತಾನದವರು ನಮಗೆ ತಟ್ಟಿದ ಚಪ್ಪಾಳೆಯನ್ನು ಸಂತೋಷದಿಂದ ಪಡೆದವರು ನಾವು. ಪ್ಯಾರಿಸ್ಸಿನ ಬಾಬತ್ತು ಅದನ್ನು ಹಿಂದಿರುಗಿಸಲು ನಮ್ಮ ಹುಡುಗನೊಬ್ಬ ಅಂಜಬೇಕಾಯಿತು.

ನಮ್ಮ ಹಿರಿಯರ ಅಫೀಮಿನ ಮಾತಿಗೆ ಬರೋಣ. ಅವರ ಮೇಲೆ ನಮಗೆ ಗೌರವವಿದೆ. ಆದರೆ ಅವರು ಓದಿದ ಪುಸ್ತಕಗಳಲ್ಲೇ ಬಿಟ್ಟುಹೋದ ಕೆಲವು ಪುಟಗಳಿವೆ. 1925ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಯೂರೋಪಿನ ಸಮಾಜವಾದಿ ಕಾರ್ಮಿಕರು ತಮ್ಮದೇ ಒಲಿಂಪಿಕ್ಸನ್ನು ನಡೆಸಿದರು. ದೇಶದೇಶದ ಬಾವುಟಗಳ ಬದಲು ಅಲ್ಲಿ ಹಾರಿದ್ದು ಕೆಂಪು ಬಾವುಟ. 1931ರಲ್ಲಿ ವಿಯೆನ್ನಾದಲ್ಲಿ ಮತ್ತೆ ಸೇರಿದರು. ಸಮಾಜವಾದಿಗಳ ಕೈಲಿದ್ದ ಆ ನಗರಸಭೆ ಅದಕ್ಕಾಗಿಯೇ ದೊಡ್ಡ ಕ್ರೀಡಾಂಗಣ ಕಟ್ಟಿಸಿತು. ಹತ್ತಾರು ಸಾವಿರ ಮಂದಿ ಆಡಿದರು. ಮರುವರ್ಷ ಲಾಸ್ ಏಂಜಲಿಸಿನ ಸಾಹುಕಾರರ ಒಲಿಂಪಿಕ್ಸಿಗೆ ಬಂದ ಆಟಗಾರರು ಸಾವಿರದ ಮುನ್ನೂರರಷ್ಟು. 1936ರಲ್ಲಿ ಹಿಟ್ಲರನ ಬರ್ಲಿನ್ನಿಗೆ ಎದುರಾಗಿ ಬಾರ್ಸಿಲೋನಾದಲ್ಲಿ ಜನತೆಯ ಒಲಿಂಪಿಕ್ಸು ಗೊತ್ತಾಗಿತ್ತು, ಆಟಗಾರರು ಬಂದಿಳಿದಿದ್ದರು, ಅಷ್ಟರಲ್ಲಿ ಫ್ರಾಂಕೋನ ಸೇನೆ ದಂಗೆಯೆದ್ದು ಅಂತರ್ಯುದ್ಧ ಹೊತ್ತಿತು. ಬಂದವರಲ್ಲಿ ಕೆಲವರು ಅಲ್ಲೇ ಉಳಿದು ಬಂದೂಕು ಹಿಡಿದರು. ಇವರೆಲ್ಲ ಅಫೀಮು ತಿಂದು ಮಲಗಿದವರೇ? ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದವರು ಉಳಿದ ಗಂಟೆಗಳಲ್ಲಿ ಮನುಷ್ಯ ಏನು ಮಾಡಬೇಕೆಂದು ಎಣಿಸಿದ್ದರು? ಕೂತು ಕರಪತ್ರ ಓದಬೇಕೆಂದು ಮಾತ್ರವೇ?

ಹಾಗೆಂದ ಮಾತ್ರಕ್ಕೆ ಕ್ರೀಡಾಕೂಟ ಕಟ್ಟುವವರನ್ನೆಲ್ಲ ನಾವು ಕೊಂಡಾಡುವುದಿಲ್ಲ. 1982ರ ದಿಲ್ಲಿ ಏಷ್ಯಾಡ್ ಎಂದರೆ ನಮ್ಮಲ್ಲಿ ಅನೇಕರಿಗೆ ಪಿ.ಟಿ. ಉಷಾ ಗೆದ್ದ ಎರಡು ಬೆಳ್ಳಿ, ಹಾಕಿಯಲ್ಲಿ ಪಾಕಿಸ್ತಾನದ ಎದುರು 1-7ರ ಸೋಲು, ಮೊದಲ ಸಲ ಕಂಡ ಬಣ್ಣದ ಟೀವಿ. ಆ ಕ್ರೀಡಾಂಗಣಗಳನ್ನು ಕಟ್ಟಿದ ಕೂಲಿಗಳ ಕಥೆ ಟೀವಿಯಲ್ಲಿ ಬರಲಿಲ್ಲ. ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಇದೆ. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಜಮಾದಾರ ಒಂದು ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ಪ್ರಜಾಸತ್ತಾತ್ಮಕ ಹಕ್ಕುಗಳ ಸಂಘಟನೆಯೊಂದು ನ್ಯಾಯಮೂರ್ತಿ ಭಗವತಿಯವರಿಗೆ ಬರೆದ ಒಂದು ಕಾಗದವೇ ಮೊಕದ್ದಮೆಯಾಯಿತು. 1982ರ ಸೆಪ್ಟೆಂಬರ್ 18ರಂದು ಕೋರ್ಟು ಹೇಳಿತು: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲಾತ್ಕಾರದ ದುಡಿಮೆ. ಹಸಿವೂ ಒಂದು ಬಲಾತ್ಕಾರವೇ ಎಂಬುದನ್ನು ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿದ್ದು ಒಂದು ಕ್ರೀಡಾಕೂಟದ ನೆಪದಲ್ಲಿ. ಕಬ್ಬಿನ ಗ್ಯಾಂಗಿನಲ್ಲಿ ಮುಕಾದಮನ ಕೈಕೆಳಗೆ ದುಡಿದವರಿಗೆ ಆ ಒಂದು ರೂಪಾಯಿಯ ಅರ್ಥ ವಿವರಿಸಬೇಕಾಗಿಲ್ಲ.

2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಗೊತ್ತಾಗಿದೆ. 2036ರ ಒಲಿಂಪಿಕ್ಸೂ ಬೇಕೆಂದು ಭಾರತ 2024ರಲ್ಲೇ ಪತ್ರ ಕೊಟ್ಟಿದೆ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಜೇವರ್ಗಿ, ಅಫಜಲಪುರಗಳಿಂದ ಗುಳೆ ಹೋಗಿ ಪುಣೆ, ಮುಂಬಯಿ, ಹೈದರಾಬಾದಿನ ಕಟ್ಟಡಗಳಲ್ಲಿ ಬುಟ್ಟಿ ಹೊರುವ ನಮ್ಮವರು ನಾಳೆ ಅಲ್ಲಿಯೂ ಬುಟ್ಟಿ ಹೊತ್ತಾರು. ಅವರ ಹಾಜರಿ ಪುಸ್ತಕ ಯಾರ ಕೈಯಲ್ಲಿರುತ್ತದೆ ಎಂದು ಈಗಲೇ ಕೇಳುವುದು ಆಟದ ಮೇಲಿನ ದ್ವೇಷವಲ್ಲ. ಆಟವನ್ನು ಪ್ರೀತಿಸುವವನೇ ಇದನ್ನು ಮೊದಲು ಕೇಳಬೇಕು.

ಇನ್ನು ನೋಡುವ ಹಕ್ಕಿನ ಮಾತು. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೀವಿ ತೋರಿಸಿದ ಸೈಟ್ ಪ್ರಯೋಗವನ್ನು ನಮ್ಮ ಹಳಬರು ಮರೆತಿರಲಾರರು. ಕರ್ನಾಟಕದಲ್ಲಿ ಆರಿಸಿದ್ದು ಬೆಂಗಳೂರನ್ನಲ್ಲ. ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಊರಿಗೊಂದು ಪೆಟ್ಟಿಗೆ, ಎಲ್ಲರೂ ನೆಲದ ಮೇಲೆ ಕೂತು ನೋಡುವುದು. 1977ರಲ್ಲಿ ಗುಲಬರ್ಗಾಕ್ಕೆ ತನ್ನದೇ ಟೀವಿ ಪ್ರಸಾರ ಕೇಂದ್ರ ಬಂತು. ರಾಜಧಾನಿಗೆ ಅದು ಬಂದದ್ದು ಅದಾದ ಮೇಲೆ. ನಾವು ಮುಂದಿದ್ದ ವಿಷಯಗಳ ಪಟ್ಟಿ ಬಹಳ ಸಣ್ಣದು, ಆದ್ದರಿಂದ ಇದನ್ನು ದಾಖಲಿಸುತ್ತಿದ್ದೇವೆ.

ಅಂದು ಊರಿಗೆಲ್ಲ ಒಂದಾಗಿದ್ದ ಪೆಟ್ಟಿಗೆ ಇಂದು ಪ್ರತಿಯೊಬ್ಬನ ಕಿಸೆಯೊಳಗೆ ಬಂದಿದೆ, ನಿಜ. ಜೊತೆಗೆ ಅದರ ಬಾಡಿಗೆಯೂ ಬಂದಿದೆ. ಪ್ಯಾರಿಸ್ ಕೂಟ ಮೊಬೈಲಿನಲ್ಲಿ ಪುಕ್ಕಟೆ ಎಂದು ಸಾರಿದರು; ಕೂಟಕ್ಕೆ ಮೂರು ವಾರ ಮೊದಲು, 2024ರ ಜುಲೈ ಮೊದಲ ವಾರದಲ್ಲಿ, ದೊಡ್ಡ ಮೊಬೈಲ್ ಕಂಪನಿಗಳು ರಿಚಾರ್ಜಿನ ದರ ಏರಿಸಿದವು. ಚಹಾ ಪುಕ್ಕಟೆ, ಕಪ್ಪಿಗೆ ಹಣ! 2007ರ ಕಾಯಿದೆಯ ಪ್ರಕಾರ ರಾಷ್ಟ್ರೀಯ ಮಹತ್ವದ ಆಟಗಳ ನೇರ ಚಿತ್ರವನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಗೆ ಹಂಚಿಕೊಡಲೇಬೇಕು; ಒಲಿಂಪಿಕ್ಸ್, ಏಷ್ಯನ್ ಕೂಟ ಅದರಲ್ಲಿ ಸೇರುತ್ತವೆ. ಆದರೆ 2017ರಲ್ಲಿ ಸುಪ್ರೀಂ ಕೋರ್ಟು, ಹಾಗೆ ಹಂಚಿಕೊಂಡ ಚಿತ್ರ ದೂರದರ್ಶನದ ನೆಲದ ಪ್ರಸಾರದಲ್ಲಿ ಮತ್ತು ಅದರದೇ ಡಿಶ್‌ನಲ್ಲಿ ಮಾತ್ರ ಬರಬೇಕು, ಕೇಬಲ್ಲಿನವರಿಗೆ ಹೋಗಬಾರದು ಎಂದಿತು. ಆಮೇಲೆ ನೆಲದ ಪ್ರಸಾರದ ಕಂಬಗಳನ್ನು ಸರಕಾರವೇ ಬಹುತೇಕ ಮುಚ್ಚಿತು. ಉಳಿದದ್ದು ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ಒಂದೇ. ಕೇಬಲ್ಲಿಗೆ ತಿಂಗಳು ತಿಂಗಳು ಹಣ ತೆರುವ ಚಹಾದ ಅಂಗಡಿಯವನು, ಡಿಡಿಯಲ್ಲಿ ಆಟವೇಕೆ ಬರುತ್ತಿಲ್ಲವೆಂದು ರಿಮೋಟನ್ನು ಬಡಿದು ನೋಡುತ್ತಾನೆ. ರಿಮೋಟಿನ ತಪ್ಪಿಲ್ಲ.

ಆಡುವ ಮೈದಾನದ ಕತೆಯನ್ನು ಉದ್ದ ಮಾಡುವುದಿಲ್ಲ. ನಮ್ಮಂಥದ್ದೇ ಬರದ ನೆಲ ಬೀಡ ಜಿಲ್ಲೆ. ಅದೂ ಒಂದು ಕಾಲಕ್ಕೆ ನಮ್ಮೊಡನೆ ನಿಜಾಮನ ರಾಜ್ಯದಲ್ಲಿತ್ತು. ಅಲ್ಲಿಯ ಇಟ್ಟಿಗೆ ಭಟ್ಟಿಯ ಕೂಲಿಕಾರರ ಮಗ ಅವಿನಾಶ ಸಾಬಳೆ, ಶಾಲೆಗೆ ದಿನವೂ ಮೈಲುಗಟ್ಟಲೆ ಓಡಿಯೇ ಹೋಗುತ್ತಿದ್ದ ಹುಡುಗ, 2023ರಲ್ಲಿ ಹಾಂಗ್‌ಝೌ ಏಷ್ಯನ್ ಕೂಟದ 3,000 ಮೀಟರ್ ಸ್ಟೀಪಲ್‌ಚೇಸಿನಲ್ಲಿ ಚಿನ್ನ ಗೆದ್ದ. ಅವನನ್ನು ಓಟಗಾರನನ್ನಾಗಿ ಗುರುತಿಸಿದ್ದು ಸೇನೆ, ತಾಲೂಕಿನ ಮೈದಾನವಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ತಾಲೂಕು ಮೈದಾನಗಳಲ್ಲಿ ವರ್ಷಕ್ಕೆ ಎಷ್ಟು ದಿನ ಓಟ ನಡೆಯುತ್ತದೆ, ಎಷ್ಟು ದಿನ ಭಾಷಣ ನಡೆಯುತ್ತದೆ ಎಂದು ವಾಚಕರೇ ಎಣಿಸಲಿ. ಸಂವಿಧಾನದ 371(ಜೆ) ಕಲಮಿನ ಹೆಸರಲ್ಲಿ ಈ ಭಾಗಕ್ಕೆ ಬರುವ ಹಣದ ಮಾತನ್ನು ಎಲ್ಲ ಪಕ್ಷದವರೂ ಆಡುತ್ತಾರೆ. ಮಣ್ಣಿನ ಓಟದ ಹಾದಿಯೊಂದನ್ನು ಸಮ ಮಾಡಿ ನೀರು ಹೊಡೆಸಲು ಎಷ್ಟು ಕೋಟಿ ಬೇಕು?

2028ರ ಜುಲೈ 14ರಿಂದ 30ರ ತನಕ ಲಾಸ್ ಏಂಜಲಿಸಿನಲ್ಲಿ ಮುಂದಿನ ಒಲಿಂಪಿಕ್ಸು. ಅಲ್ಲಿ ಸಂಜೆ ಏಳು ಎಂದರೆ ಇಲ್ಲಿ ಮರುದಿನ ಬೆಳಗಿನ ಏಳೂವರೆ. ಮಿಲ್ಲಿನ ಮೊದಲ ಪಾಳಿ ಏರುವ, ಅಂಗಡಿಯ ಶಟರ್ ಎತ್ತುವ ಹೊತ್ತು. ನಿದ್ದೆಗೆಟ್ಟು ಬರುತ್ತಾರೆಂಬ ಮಾಲಿಕರ ದೂರು ಆಗ ಇರುವುದಿಲ್ಲ, ತಡವಾಗಿ ಬರುತ್ತಾರೆಂಬ ದೂರು ಇರುತ್ತದೆ. ಆದ್ದರಿಂದ ಈಗಲೇ ಹೇಳಿಡುತ್ತೇವೆ: ಮಿಲ್ಲಿನ ಗೇಟಿನ ಒಳಗೆ ಒಂದು ಫ್ರೀ ಡಿಶ್, ಒಂದು ಪರದೆ, ಆ ಹದಿನೇಳು ದಿನ ಪಾಳಿ ಅರ್ಧ ತಾಸು ತಡ, ಆ ಅರ್ಧ ತಾಸನ್ನು ಸಂಜೆ ತುಂಬಿಕೊಡಲು ಕೆಲಸಗಾರರು ಸಿದ್ಧರಿದ್ದಾರೆ. ಎಪಿಎಂಸಿ ಯಾರ್ಡಿನಲ್ಲಿ ಹಮಾಲರಿಗೆ, ಪಂಚಾಯತಿ ಕಟ್ಟೆಯಲ್ಲಿ ಊರವರಿಗೆ, 1975ರಲ್ಲಿ ಇಟ್ಟ ಹಾಗೆಯೇ ಒಂದೊಂದು ಪೆಟ್ಟಿಗೆ. ಪೇಟೆಯ ವರ್ತಕ ಬಂಧುಗಳು ಓಣಿಗೊಂದರಂತೆ ಚಂದಾ ಎತ್ತಿದರೆ ಡಿಶ್ಶಿನ ಖರ್ಚು ತಲೆಗೆ ಚಹಾದ ದುಡ್ಡನ್ನು ಮೀರದು.

ಆಳಂದದ ಆ ದರ್ಜಿಯನ್ನು ಈಚೆಗೆ ಮತ್ತೆ ಕಂಡೆವು. ಮೊಬೈಲಿನ ಗಾಜು ಒಡೆದಿದೆ, ಈ ಸಲ ಪರದೆ ದೊಡ್ಡದೇ ಬೇಕು ಎಂದ. ಎಣ್ಣೆ ಮಿಲ್ಲಿನ ಹುಡುಗ ಬರುತ್ತಾನೆಯೇ ಎಂದು ಕೇಳಿದೆವು. "ಬರ್ತಾನ್ರೀ. ಮುಂದಿನ ಸಾಲಿನಾಗ ಕೂಡಸ್ತೀನಿ" ಎಂದು ಸೂಜಿಗೆ ದಾರ ಪೋಣಿಸಿದ.